1860ರ ಶಿಕಾಗೊ: ಲಿಂಕನ್‌ಗೆ ಟಿಕೆಟ್ ಕೊಡಿಸಿದ್ದು ಖಾತೆ ಹಂಚಿಕೆಯೇ?

ಪ್ರಶ್ನೆ: ಅಬ್ರಹಾಂ ಲಿಂಕನ್ 1860ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಆಗಿದ್ದು ಹೋಟೆಲ್ ಕೋಣೆಗಳ ವ್ಯಾಪಾರದಿಂದ ಅಂತ ಓದಿದೆ. ಅವರ ಕಡೆಯವರು ರಾತ್ರೋರಾತ್ರಿ ಮಂತ್ರಿ ಸ್ಥಾನಗಳ ಮಾತು ಕೊಟ್ಟರಂತೆ, ನಕಲಿ ಪ್ರವೇಶ ಚೀಟಿ ಅಚ್ಚು ಹಾಕಿಸಿ ಸಭಾಂಗಣ ತುಂಬಿಸಿದರಂತೆ. ಇದು ಎಷ್ಟು ನಿಜ? ಪ್ರತಿನಿಧಿಗಳ ಮನಸ್ಸು ಬದಲಾಗಿದ್ದು ಯಾವುದರಿಂದ? ಲಿಂಕನ್ ಅವರಿಗೆ ಇದೆಲ್ಲ ಗೊತ್ತಿತ್ತಾ?

ಉತ್ತರ: ನೀವು ಓದಿದ್ದರಲ್ಲಿ ಸುಳ್ಳು ಕಡಿಮೆ. ಆದರೆ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ತಲೆಕೆಳಗಾಗಿದೆ. ನಕಲಿ ಚೀಟಿಯ ಕತೆ ಬಹುಮಟ್ಟಿಗೆ ನಿಜ, ಆದರೆ ಅದರಿಂದ ಮತ ಬಂದ ಹಾಗೆ ಕಾಣುವುದಿಲ್ಲ. ಖಾತೆಯ ವಿಷಯದಲ್ಲಿ ಪೆನ್ಸಿಲ್ವೇನಿಯಾದವರಿಗೆ ಏನೋ ಒಂದು ಭರವಸೆ ಸಿಕ್ಕಿತ್ತು ಅಂತಲೇ ನಾನು ನಂಬುತ್ತೇನೆ. ಆದರೂ ಪ್ರತಿನಿಧಿಗಳನ್ನು ಅಲುಗಿಸಿದ್ದು ಮುಖ್ಯವಾಗಿ ಭಯ. ಮುಂಚೂಣಿಯಲ್ಲಿದ್ದ ನಾಯಕನನ್ನೇ ನಿಲ್ಲಿಸಿದರೆ ನಮ್ಮ ರಾಜ್ಯದಲ್ಲಿ ನಾವೇ ಸೋಲುತ್ತೇವೆ ಅನ್ನುವ ಭಯ. ಲಿಂಕನ್ ಅವರ ಕಡೆಯವರು ಆ ಭಯವನ್ನು ಹುಟ್ಟುಹಾಕಲಿಲ್ಲ. ಅದು ಮೊದಲೇ ಇತ್ತು. ಅದಕ್ಕೆ ಒಂದು ಹೆಸರು ಒದಗಿಸಿದರು, ಅಷ್ಟೇ.

ಇದು ಅರ್ಥವಾಗಬೇಕಾದರೆ ಆಗಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಟಿಕೆಟ್ ಹಂಚುವ ಹೈಕಮಾಂಡ್ ಅಲ್ಲಿರಲಿಲ್ಲ. ಈಗಿನ ಹಾಗೆ ಮತದಾರರೇ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗಳೂ ಇರಲಿಲ್ಲ. ಪ್ರತಿ ರಾಜ್ಯದ ಪಕ್ಷ ತನ್ನ ಪ್ರತಿನಿಧಿಗಳನ್ನು ಸಮಾವೇಶಕ್ಕೆ ಕಳಿಸುತ್ತಿತ್ತು. ಅವರು ಒಂದೇ ಸೂರಿನಡಿ ಕೂತು, ಯಾರಿಗಾದರೂ ಬಹುಮತ ಬರುವವರೆಗೆ ಸುತ್ತಿನ ಮೇಲೆ ಸುತ್ತು ಮತ ಹಾಕುತ್ತಿದ್ದರು. ಶಿಕಾಗೊದಲ್ಲಿ ಗೆಲ್ಲಲು ಬೇಕಿದ್ದದ್ದು 233 ಮತ. ನ್ಯೂಯಾರ್ಕ್ ಹತ್ತಿರ 70 ಇತ್ತು, ಪೆನ್ಸಿಲ್ವೇನಿಯಾಕ್ಕೆ 54, ಒಹಾಯೊಗೆ 46, ಇಂಡಿಯಾನಾಕ್ಕೆ 26. ಲಿಂಕನ್ ಅವರ ಸ್ವಂತ ರಾಜ್ಯ ಇಲಿನಾಯ್‌ಗೆ ಬರೀ 22. ಮೊದಲ ಸುತ್ತಿನಲ್ಲಿ ಹೆಚ್ಚಿನ ರಾಜ್ಯಗಳು ತಮ್ಮ ಊರಿನ ನಾಯಕನಿಗೆ ಮರ್ಯಾದೆಗೆಂದು ಮತ ಹಾಕುತ್ತಿದ್ದವು. ಎರಡನೆಯ ಸುತ್ತಿನಿಂದ ಅವು ಯಾರ ಕಡೆ ವಾಲುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಲಾಬಿ ನಡೆಯುತ್ತಿದ್ದದ್ದೂ ಆ ಎರಡನೆಯ ಮತಕ್ಕೇ.

ಮುಂಚೂಣಿಯಲ್ಲಿದ್ದವರು ನ್ಯೂಯಾರ್ಕಿನ ವಿಲಿಯಂ ಸ್ಯೂವರ್ಡ್. ಹಿಂದೆ ಅಲ್ಲಿನ ಗವರ್ನರ್, ಆಗ ಸೆನೆಟರ್. ಪಕ್ಷದಲ್ಲಿ ಅವರಿಗಿಂತ ದೊಡ್ಡ ಹೆಸರು ಇನ್ನೊಂದಿರಲಿಲ್ಲ. ಅವರ ಹಿಂದೆ ಇದ್ದವರು ಥರ್ಲೋ ವೀಡ್. ಆಲ್ಬನಿಯ ಪತ್ರಿಕಾ ಸಂಪಾದಕರು, ಆ ಕಾಲದ ಅತಿ ಚಾಣಾಕ್ಷ ರಾಜಕೀಯ ಸಂಘಟಕರಲ್ಲಿ ಒಬ್ಬರು. ಶಿಕಾಗೊದಲ್ಲಿ ಅವರ ಠಾಣ್ಯ ರಿಚ್ಮಂಡ್ ಹೌಸ್ ಹೋಟೆಲ್. ಹಣಕ್ಕೆ ಕೊರತೆ ಇರಲಿಲ್ಲ, ಜನಕ್ಕೂ ಇರಲಿಲ್ಲ. ಬ್ಯಾಂಡ್ ಬಂದಿತ್ತು. ಟಾಮ್ ಹೈಯರ್ ಎಂಬ ಹೆಸರಾಂತ ಮುಷ್ಟಿಕಾಳಗದ ಪಟು ಕೂಡ ಬೆಂಬಲಿಗರ ದಂಡಿನಲ್ಲಿದ್ದ. ಸ್ಯೂವರ್ಡ್ ಅಭ್ಯರ್ಥಿಯಾದರೆ ಚುನಾವಣಾ ವೆಚ್ಚಕ್ಕೆ ನ್ಯೂಯಾರ್ಕ್ ಹಣ ಹರಿಸುತ್ತದೆ ಅನ್ನುವ ಮಾತನ್ನು ವೀಡ್ ಕಡೆಯವರು ಬೇರೆ ರಾಜ್ಯದವರ ಕಿವಿಗೆ ಹಾಕುತ್ತಲೇ ಇದ್ದರು. ಆಮಿಷ ಅನ್ನುವುದಾದರೆ ಅದು ಎರಡೂ ಕಡೆ ಇತ್ತು, ಸ್ಯೂವರ್ಡ್ ಕಡೆಯೇ ಜಾಸ್ತಿ ಇತ್ತು. ಆದರೂ ಅವರು ಸೋತರು.

ಯಾಕೆ ಸೋತರು? 1856ರಲ್ಲಿ ರಿಪಬ್ಲಿಕನ್ನರು ಪೆನ್ಸಿಲ್ವೇನಿಯಾ, ಇಂಡಿಯಾನಾ, ಇಲಿನಾಯ್, ನ್ಯೂಜೆರ್ಸಿ, ಈ ನಾಲ್ಕನ್ನೂ ಕಳೆದುಕೊಂಡಿದ್ದರು. ಅಧ್ಯಕ್ಷ ಪದವಿ ಕೈತಪ್ಪಿದ್ದು ಇಲ್ಲಿಯೇ. ದಕ್ಷಿಣದ ರಾಜ್ಯಗಳಲ್ಲಿ ಅವರಿಗೆ ಏನೂ ಸಿಗುವಂತಿರಲಿಲ್ಲ, ಹಾಗಾಗಿ 1860ರಲ್ಲಿ ಈ ನಾಲ್ಕರ ಪೈಕಿ ಹೆಚ್ಚಿನವು ಬರಲೇಬೇಕಿತ್ತು. ಇಲ್ಲಿನ ಮತದಾರರು ಗುಲಾಮಗಿರಿ ಹರಡುವುದನ್ನು ಒಪ್ಪದಿದ್ದರೂ ತೀವ್ರವಾದಿಗಳಿಗೆ ಹೆದರುತ್ತಿದ್ದರು. ಸ್ಯೂವರ್ಡ್ 1850ರಲ್ಲಿ ಸೆನೆಟ್‌ನಲ್ಲಿ ನಿಂತು ಸಂವಿಧಾನಕ್ಕಿಂತ ಮೇಲಿನ ಕಾನೂನೊಂದಿದೆ ಅಂದಿದ್ದರು. 1858ರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಸಂಘರ್ಷ ತಪ್ಪಿಸಲಾಗದ್ದು ಅಂದಿದ್ದರು. ಇನ್ನೊಂದು ಕಾರಣವೂ ಇತ್ತು, ಅದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಗವರ್ನರ್ ಆಗಿದ್ದಾಗ ಅವರು ಕ್ಯಾಥೊಲಿಕ್ ವಲಸಿಗರ ಮಕ್ಕಳ ಶಾಲೆಗೆ ಸರ್ಕಾರದ ಹಣ ಸಿಗಬೇಕು ಎಂದು ವಾದಿಸಿದ್ದರು. ಪೆನ್ಸಿಲ್ವೇನಿಯಾ, ಇಂಡಿಯಾನಾಗಳಲ್ಲಿ ವಲಸಿಗರನ್ನು ಕಂಡರಾಗದ ಗುಂಪು ಬಲವಾಗಿತ್ತು. ಆ ಓಟಿಲ್ಲದೆ ಅಲ್ಲಿ ಗೆಲುವು ಕಷ್ಟ. ಅವರು ಸ್ಯೂವರ್ಡ್ ಅವರನ್ನು ಮರೆತಿರಲಿಲ್ಲ, ಕ್ಷಮಿಸಿಯೂ ಇರಲಿಲ್ಲ.

ಉಳಿದವರಿಗೂ ಒಂದೊಂದು ತೊಡಕು. ಒಹಾಯೊದ ಸಾಲ್ಮನ್ ಚೇಸ್ ಇನ್ನೂ ತೀವ್ರವಾದಿ, ಸಾಲದ್ದಕ್ಕೆ ಅವರ ಸ್ವಂತ ರಾಜ್ಯವೇ ಒಡೆದುಹೋಗಿತ್ತು. ಮಿಸೌರಿಯ ಎಡ್ವರ್ಡ್ ಬೇಟ್ಸ್ 1856ರಲ್ಲಿ ವಲಸಿಗ ವಿರೋಧಿಗಳ ಕಡೆಗಿದ್ದರು, ಹಾಗಾಗಿ ಜರ್ಮನ್ ಮೂಲದ ಮತದಾರರು ಅವರನ್ನು ಒಪ್ಪಲಿಲ್ಲ. ಸಮಾವೇಶಕ್ಕೆ ಸ್ವಲ್ಪ ಮುಂಚೆ ಶಿಕಾಗೊದಲ್ಲೇ ಜರ್ಮನ್ನರು ಸಭೆ ಸೇರಿ ತಮ್ಮ ನಿಲುವು ಸಾರಿದ್ದರು. ಪೆನ್ಸಿಲ್ವೇನಿಯಾದ ಸೈಮನ್ ಕ್ಯಾಮರನ್‌ಗೆ ಭ್ರಷ್ಟಾಚಾರದ ಕೆಟ್ಟ ಹೆಸರು. ಲಿಂಕನ್ ಮೇಲೆ ಹಗೆ ಸಾಧಿಸುವವರು ಇರಲಿಲ್ಲ. ರಾಷ್ಟ್ರಮಟ್ಟದಲ್ಲಿ ಅವರ ಹೆಸರು ಹೊಸದು, ಅವರ ಮೇಲೆ ಸಿಟ್ಟಾಗುವಷ್ಟು ಪರಿಚಯವೇ ಹೆಚ್ಚಿನವರಿಗೆ ಇರಲಿಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರು ಲಿಂಕನ್ ಅವರೇ. 1860ರ ಮಾರ್ಚ್ 24ರಂದು ಒಹಾಯೊದ ಸ್ಯಾಮ್ಯುಯೆಲ್ ಗ್ಯಾಲೊವೇ ಅವರಿಗೆ ಬರೆದ ಪತ್ರದಲ್ಲಿ ತಮ್ಮ ತಂತ್ರವನ್ನು ಬಿಚ್ಚಿಟ್ಟಿದ್ದಾರೆ. ನನ್ನ ಹೆಸರು ಹೊಸದು, ಬಹಳ ಜನಕ್ಕೆ ನಾನು ಮೊದಲ ಆಯ್ಕೆ ಅಲ್ಲ, ಆದ್ದರಿಂದ ಯಾರ ಮನಸ್ಸನ್ನೂ ನೋಯಿಸಬಾರದು, ತಮ್ಮ ಮೊದಲ ಪ್ರೀತಿಯನ್ನು ಬಿಡಬೇಕಾದಾಗ ಅವರು ನಮ್ಮ ಕಡೆ ಬರುವಂತಿರಬೇಕು. ಇದು ಅವರ ಮಾತಿನ ಸಾರ. ಶಿಕಾಗೊದಲ್ಲಿ ಮೇ ತಿಂಗಳಲ್ಲಿ ನಡೆದದ್ದು ಹೆಚ್ಚುಕಮ್ಮಿ ಹೀಗೇ. ಅದಕ್ಕೇ ನಾನು ಈ ಪತ್ರವನ್ನು ಹೋಟೆಲ್ ಕೋಣೆಯ ಎಲ್ಲ ಕತೆಗಳಿಗಿಂತ ಮೇಲೆ ಇಡುತ್ತೇನೆ.

ಹಾಗಂತ ಲಿಂಕನ್ ಏನೂ ಅರಿಯದ ಸಾಧು ಅಂದುಕೊಳ್ಳಬೇಡಿ. ಅದೇ ಮಾರ್ಚ್‌ನಲ್ಲಿ ಕಾನ್ಸಸ್‌ನ ಮಾರ್ಕ್ ಡೆಲಹೇ ಎಂಬ ಗೆಳೆಯನಿಗೆ ಒಂದು ಪತ್ರ ಬರೆದರು. ಹಣದ ಬಲದ ಮೇಲೆ ಈ ಕಣಕ್ಕೆ ಇಳಿಯಲಾರೆ, ಒಂದು, ಅದು ಬಹುಮಟ್ಟಿಗೆ ತಪ್ಪು, ಎರಡು, ನನ್ನ ಹತ್ತಿರ ಹಣವೂ ಇಲ್ಲ ಅಂದರು. ಅದೇ ಉಸಿರಿನಲ್ಲಿ, ನೀನು ಪ್ರತಿನಿಧಿಯಾಗಿ ಶಿಕಾಗೊಗೆ ಬರುವುದಾದರೆ ಪ್ರಯಾಣದ ಖರ್ಚಿಗೆ 100 ಡಾಲರ್ ಕೊಡುತ್ತೇನೆ ಅಂತಲೂ ಬರೆದರು. ಕಾನ್ಸಸ್ ಪಕ್ಷ ಸ್ಯೂವರ್ಡ್ ಕಡೆ ಹೋಯಿತು. ಆಗ ಲಿಂಕನ್, ಅವರ ಜೊತೆ ಜಗಳ ಆಡಬೇಡ, ಸುಮ್ನೆ ಸಮಾವೇಶಕ್ಕೆ ಬಾ, ಖರ್ಚಿನ ಮಾತು ನಡೆಸಿಕೊಡುತ್ತೇನೆ ಅಂತ ಮತ್ತೆ ಬರೆದರು. ಅಧ್ಯಕ್ಷ ಪದವಿಯ ರುಚಿ ನಾಲಿಗೆಗೆ ಸ್ವಲ್ಪ ಹತ್ತಿದೆ ಎಂದು ಏಪ್ರಿಲ್ ಕೊನೆಯಲ್ಲಿ ಸೆನೆಟರ್ ಟ್ರಂಬುಲ್ ಅವರಿಗೆ ಅವರೇ ಒಪ್ಪಿಕೊಂಡಿದ್ದಾರೆ.

ಎಲ್ಲಕ್ಕಿಂತ ಲಾಭ ತಂದ ಲಾಬಿ ನಡೆದದ್ದು ಶಿಕಾಗೊದಲ್ಲಿ ಅಲ್ಲ, ನ್ಯೂಯಾರ್ಕ್ ನಗರದ ಆಸ್ಟರ್ ಹೌಸ್ ಹೋಟೆಲಿನಲ್ಲಿ. 1859ರ ಡಿಸೆಂಬರ್‌ನಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿ ಸಮಾವೇಶಕ್ಕೆ ಊರು ಆರಿಸಲು ಅಲ್ಲಿ ಕೂತಿತು. ಎಲ್ಲರೂ ತಮ್ಮ ತಮ್ಮ ನಾಯಕನ ಊರಿಗೆ ಎಳೆಯುತ್ತಿದ್ದರು. ಇಲಿನಾಯ್‌ನ ನಾರ್ಮನ್ ಜಡ್, ನಮ್ಮಲ್ಲಿ ಅಂಥ ದೊಡ್ಡ ಆಕಾಂಕ್ಷಿ ಇಲ್ಲ, ಶಿಕಾಗೊ ಯಾರ ಪಕ್ಷಪಾತವೂ ಇಲ್ಲದ ಜಾಗ ಅಂತ ಒಪ್ಪಿಸಿದರು. ಸೇಂಟ್ ಲೂಯಿಸ್ ನಗರವನ್ನು ಶಿಕಾಗೊ ಸೋಲಿಸಿದ್ದು ಒಂದೇ ಒಂದು ಮತದಿಂದ. ವೀಡ್ ಅಂಥವರು ಇದಕ್ಕೆ ತಕರಾರು ಎತ್ತಲಿಲ್ಲ. ಲಿಂಕನ್ ಎಂಬ ಹೆಸರನ್ನು ಆ ಹೊತ್ತಿಗೆ ಅವರು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಜಡ್ ರೈಲ್ವೆ ಕಂಪನಿಯ ವಕೀಲರೂ ಆಗಿದ್ದರು. ಸಮಾವೇಶದ ದಿನಗಳಲ್ಲಿ ಇಲಿನಾಯ್‌ನ ಮೂಲೆಮೂಲೆಯಿಂದ ಜನ ಕಡಿಮೆ ದರದ ರೈಲಿನಲ್ಲಿ ಶಿಕಾಗೊಗೆ ಬರುವ ಏರ್ಪಾಟೂ ಆಯಿತು. ಸಭಾಂಗಣದಲ್ಲಿ ಯಾವ ರಾಜ್ಯ ಎಲ್ಲಿ ಕೂರಬೇಕು ಅನ್ನುವುದರಲ್ಲೂ ಅವರ ಕೈ ಇತ್ತು. ನ್ಯೂಯಾರ್ಕ್ ಒಂದು ತುದಿಗೆ. ಅನುಮಾನದಲ್ಲಿದ್ದ ಪೆನ್ಸಿಲ್ವೇನಿಯಾ ದೂರದ ಇನ್ನೊಂದು ಕಡೆಗೆ, ಇಲಿನಾಯ್, ಇಂಡಿಯಾನಾದವರ ಪಕ್ಕಕ್ಕೆ. ಮತದಾನ ನಡೆಯುವಾಗ ವೀಡ್ ಕಡೆಯವರು ಎದ್ದು ಹೋಗಿ ಪೆನ್ಸಿಲ್ವೇನಿಯಾದವರ ಕಿವಿ ಕಚ್ಚುವುದು ಸುಲಭ ಇರಲಿಲ್ಲ. ಈ ಕುರ್ಚಿಗಳ ವಿಷಯವನ್ನು ಹೇಳಿದವರು ಶಿಕಾಗೊ ಟ್ರಿಬ್ಯೂನ್‌ನ ಜೋಸೆಫ್ ಮೆಡಿಲ್. ಅವರೂ ಲಿಂಕನ್ ಬಣದವರೇ, ಹೇಳಿದ್ದೂ ಬಹಳ ವರ್ಷಗಳ ನಂತರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಿಕಾಗೊದಲ್ಲಿ ಲಿಂಕನ್ ಬಣ ನಡೆಸಿದವರು ನ್ಯಾಯಾಧೀಶ ಡೇವಿಡ್ ಡೇವಿಸ್. ಭಾರಿ ಮೈಕಟ್ಟಿನ ಮನುಷ್ಯ. ಇಲಿನಾಯ್‌ನ ಎಂಟನೆಯ ಸರ್ಕ್ಯೂಟ್‌ನಲ್ಲಿ ಊರಿಂದೂರಿಗೆ ಹೋಗಿ ಕೋರ್ಟ್ ನಡೆಸುತ್ತಿದ್ದರು. ಲಿಂಕನ್ ಅದೇ ಊರುಗಳಲ್ಲಿ ಅದೇ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದವರು. ವರ್ಷಗಟ್ಟಲೆ ಒಟ್ಟಿಗೆ ಓಡಾಡಿದ ಸ್ನೇಹ. ಸಮಾವೇಶ ಮೇ 16ಕ್ಕೆ ಶುರು. ಕೆಲವು ದಿನ ಮುಂಚೆ ಡೇವಿಸ್ ಬಂದು ನೋಡಿದರೆ ಲಿಂಕನ್ ಹೆಸರಿನಲ್ಲಿ ಒಂದು ಕಚೇರಿಯೂ ಇಲ್ಲ. ಟ್ರಿಮೊಂಟ್ ಹೌಸ್ ಹೋಟೆಲಿನಲ್ಲಿ ಕೋಣೆ ಹಿಡಿದು ಕೂತರು. ಲೆನರ್ಡ್ ಸ್ವೆಟ್, ಸ್ಟೀಫನ್ ಲೋಗನ್, ಜೆಸ್ಸಿ ಡುಬಾಯ್, ವಾರ್ಡ್ ಹಿಲ್ ಲ್ಯಾಮನ್, ಹೀಗೆ ಹತ್ತಾರು ಜನ ಸೇರಿದರು. ಹೆಚ್ಚಿನವರು ಅದೇ ಸರ್ಕ್ಯೂಟಿನ ವಕೀಲರು. ಆರ್ವಿಲ್ ಬ್ರೌನಿಂಗ್ ಮನಸ್ಸಿನಲ್ಲಿ ಬೇಟ್ಸ್ ಕಡೆಯವರು, ಆದರೆ ರಾಜ್ಯದ ತೀರ್ಮಾನಕ್ಕೆ ತಲೆಬಾಗಿ ಲಿಂಕನ್‌ಗಾಗಿ ನಿಷ್ಠೆಯಿಂದ ದುಡಿದರು. ಇಲಿನಾಯ್‌ನ 22 ಮತಗಳೂ ಒಟ್ಟಾಗಿ ಲಿಂಕನ್‌ಗೇ ಬೀಳಬೇಕು ಎಂದು ಮೇ 10ರಂದು ಡೆಕಾಟೂರ್‌ನ ರಾಜ್ಯ ಸಮಾವೇಶದಲ್ಲೇ ನಿರ್ಣಯ ಆಗಿತ್ತು.

ಡೇವಿಸ್ ಮಾಡಿದ ಜಾಣ ಕೆಲಸ ಇದು: ಯಾರು ಯಾವ ರಾಜ್ಯದಲ್ಲಿ ಹುಟ್ಟಿದವರೋ ಅವರನ್ನು ಆ ರಾಜ್ಯದವರ ಬಳಿಗೆ ಕಳಿಸಿದರು. ಸ್ವೆಟ್ ಮೇಯ್ನ್‌ನವರು, ಅವರು ಮೇಯ್ನ್ ತಂಡದ ಹಿಂದೆ ಬಿದ್ದರು. ಸ್ಯಾಮ್ಯುಯೆಲ್ ಪಾರ್ಕ್ಸ್ ವರ್ಮಾಂಟ್‌ನವರ ಹತ್ತಿರ ಹೋದರು. ಇಲಿನಾಯ್ ಆಗ ಹೊಸ ರಾಜ್ಯ, ದೇಶದ ಎಲ್ಲ ಕಡೆಯಿಂದ ಬಂದು ನೆಲೆಸಿದವರಿದ್ದರು, ಹಾಗಾಗಿ ಇದು ಸಾಧ್ಯವಾಯಿತು. ಅವರು ಕೇಳಿದ್ದೂ ದೊಡ್ಡದೇನಲ್ಲ. ನಿಮ್ಮ ನಾಯಕನನ್ನು ಬಿಡಿ ಅನ್ನಲಿಲ್ಲ. ಮೊದಲ ಸುತ್ತು ನಿಮ್ಮವರಿಗೇ ಹಾಕಿ, ಅವರಿಂದ ಆಗದಿದ್ದರೆ ನಮ್ಮವರನ್ನು ನೆನಪಿಸಿಕೊಳ್ಳಿ ಅಂದರು. ಊರಿನವನೊಬ್ಬ ಬಂದು ಇಷ್ಟು ಕೇಳಿದರೆ ಇಲ್ಲ ಅನ್ನುವುದು ಕಷ್ಟ, ಅಲ್ವಾ?

ಇನ್ನು ಗುರುವಾರ, ಮೇ 17. ಆವತ್ತು ಪಕ್ಷದ ಪ್ರಣಾಳಿಕೆ ಅಂಗೀಕಾರವಾಯಿತು. ಸಂಜೆಯೇ ಮತದಾನ ಶುರುವಾಗಬೇಕಿತ್ತು. ಸ್ಯೂವರ್ಡ್ ಬಣ ತಯಾರಾಗಿತ್ತು. ಆವತ್ತೇ ನಡೆದಿದ್ದರೆ ಅವರೇ ಗೆಲ್ಲುತ್ತಿದ್ದರು ಎಂದು ಅಲ್ಲಿದ್ದ ಬಹಳಷ್ಟು ಜನರ ನಂಬಿಕೆ. ಆದರೆ ಮತ ಎಣಿಸುವ ಹಾಳೆಗಳು ಇನ್ನೂ ಮೇಜಿಗೆ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾಯಬೇಕು ಎಂದು ಕಾರ್ಯದರ್ಶಿ ಹೇಳಿದರು. ಹಸಿದಿದ್ದ ಜನ ಕಾಯಲು ತಯಾರಿರಲಿಲ್ಲ. ಯಾರೋ ಸಭೆ ಮುಂದೂಡೋಣ ಅಂದರು, ಅಧ್ಯಕ್ಷ ಜಾರ್ಜ್ ಆಶ್ಮನ್ ಅದನ್ನು ಮತಕ್ಕೆ ಹಾಕಿದರು, ಪಾಸಾಯಿತು. ಹಾಗೆ ಸ್ಯೂವರ್ಡ್ ವಿರೋಧಿಗಳಿಗೆ ಒಂದು ಪೂರ್ತಿ ರಾತ್ರಿ ಸಿಕ್ಕಿತು.

ಆ ರಾತ್ರಿಯನ್ನು ಕಣ್ಣಾರೆ ಕಂಡು ಬರೆದವರು ಸಿನ್ಸಿನಾಟಿಯ ವರದಿಗಾರ ಮ್ಯೂರಟ್ ಹಾಲ್‌ಸ್ಟೆಡ್. ಅವರ ಪ್ರಕಾರ ರಿಚ್ಮಂಡ್ ಹೌಸ್‌ನಲ್ಲಿ ನ್ಯೂಯಾರ್ಕ್‌ನವರು ಷಾಂಪೇನ್ ಹರಿಸುತ್ತಿದ್ದರು, ಬ್ಯಾಂಡ್ ಬಾರಿಸುತ್ತಿತ್ತು. ಟ್ರಿಮೊಂಟ್ ಹೌಸ್‌ನಲ್ಲಿ ಕಂಡದ್ದೇ ಬೇರೆ. ರಾತ್ರಿ ಒಂದು ಗಂಟೆಗೆ ಇಂಡಿಯಾನಾದ ಹೆನ್ರಿ ಲೇನ್ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು, ಬಿಳಿಚಿದ ಮುಖದಲ್ಲಿ, ಪಂದ್ಯ ಕಟ್ಟಿದವರ ಹಾಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದರಂತೆ. ಆ ವರ್ಷ ಲೇನ್ ಇಂಡಿಯಾನಾದ ಗವರ್ನರ್ ಅಭ್ಯರ್ಥಿ. ಪೆನ್ಸಿಲ್ವೇನಿಯಾದ ಗವರ್ನರ್ ಅಭ್ಯರ್ಥಿ ಆಂಡ್ರೂ ಕರ್ಟಿನ್ ಕೂಡ ಅದೇ ಕೆಲಸದಲ್ಲಿದ್ದರು. ಈ ಎರಡೂ ರಾಜ್ಯಗಳಲ್ಲಿ ಗವರ್ನರ್ ಚುನಾವಣೆ ಅಕ್ಟೋಬರ್‌ನಲ್ಲಿ, ಅಂದರೆ ಅಧ್ಯಕ್ಷ ಚುನಾವಣೆಗಿಂತ ಒಂದು ತಿಂಗಳು ಮುಂಚೆ. ಸ್ಯೂವರ್ಡ್ ನಿಂತರೆ ಮೊದಲು ಮುಳುಗುವವರು ಇವರು. ಪ್ರತಿ ಕೋಣೆಯಲ್ಲೂ ಇಬ್ಬರೂ ಹೇಳಿದ್ದು ಒಂದೇ ಮಾತು, ಸ್ಯೂವರ್ಡ್ ಅಭ್ಯರ್ಥಿಯಾದರೆ ನನ್ನ ರಾಜ್ಯ ಕೈಬಿಟ್ಟಹಾಗೆ.

ನನ್ನನ್ನು ಕೇಳಿದರೆ ಆ ರಾತ್ರಿಯ ನಿಜವಾದ ಲಾಬಿದಾರರು ಈ ಇಬ್ಬರು. ಇವರು ಲಿಂಕನ್ ಕಡೆಯವರು ಅಂತಲ್ಲ. ತಮ್ಮ ಚುನಾವಣೆ ಉಳಿಸಿಕೊಳ್ಳಲು ಬಂದವರು. ಅದಕ್ಕೇ ಮ್ಯಾಸಚೂಸೆಟ್ಸ್, ವರ್ಮಾಂಟ್ ಥರದ ದೂರದ ರಾಜ್ಯದವರು ಇವರ ಮಾತಿಗೆ ಕಿವಿಗೊಟ್ಟರು.

ಆದರೆ ಸ್ಯೂವರ್ಡ್ ಬೇಡ ಅನ್ನುವುದು ಸಾಲದು, ಯಾರು ಬೇಕು ಅಂತಲೂ ಹೇಳಬೇಕು. ಅನುಮಾನದ ನಾಲ್ಕು ರಾಜ್ಯಗಳಿಂದ ತಲಾ ಮೂವರಂತೆ 12 ಜನ ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಟ್ ಅವರ ಕೋಣೆಯಲ್ಲಿ ಸೇರಿದರು. ಗಂಟೆಗಟ್ಟಲೆ ಮಾತಾದರೂ ಬಗೆಹರಿಯಲಿಲ್ಲ. ಸ್ಯೂವರ್ಡ್ ವಿರುದ್ಧ ಹಳೆಯ ಮುನಿಸು ಇಟ್ಟುಕೊಂಡಿದ್ದ ನ್ಯೂಯಾರ್ಕ್ ಟ್ರಿಬ್ಯೂನ್ ಸಂಪಾದಕ ಹೊರೇಸ್ ಗ್ರೀಲಿ ಕೂಡ ಸಮಾವೇಶದಲ್ಲಿದ್ದರು, ಅದೂ ದೂರದ ಆರೆಗಾನ್‌ನ ಪ್ರತಿನಿಧಿಯಾಗಿ. ಅವರ ಒಲವು ಬೇಟ್ಸ್ ಕಡೆ. ವಿರೋಧಿಗಳು ಒಬ್ಬರ ಹಿಂದೆ ಒಟ್ಟಾಗುವುದಿಲ್ಲ, ಸ್ಯೂವರ್ಡ್ ಅವರೇ ಅಭ್ಯರ್ಥಿ ಆಗುತ್ತಾರೆ ಎಂದು ರಾತ್ರಿ 11:40ಕ್ಕೆ ಗ್ರೀಲಿ ತಮ್ಮ ಪತ್ರಿಕೆಗೆ ತಂತಿ ಕಳಿಸಿದರು. ಅವರು ತಂತಿ ಕಳಿಸಿದ ಮೇಲೆ ವಿಲ್ಮಟ್ ಕೋಣೆಯಲ್ಲಿ ಲೆಕ್ಕ ಕೂಡಿತು. ನಾಲ್ಕು ರಾಜ್ಯಗಳ ಆಚೆಗೂ ಯಾರಿಗೆ ಜಾಸ್ತಿ ಮತ ಬರಬಹುದು ಅಂತ ನೋಡಿದಾಗ ಉಳಿದದ್ದು ಲಿಂಕನ್ ಹೆಸರು.

ಈಗ ಖಾತೆಗಳ ವಿಷಯ. ಇಂಡಿಯಾನಾದ ಕೇಲೆಬ್ ಸ್ಮಿತ್ ಮುಂದೆ ಒಳನಾಡು ಖಾತೆಯ ಮಂತ್ರಿಯಾದರು. ಆದ್ದರಿಂದ ಅದು ಮಾತುಕತೆಯ ಫಲ ಅನ್ನುತ್ತಾರೆ. ಇರಬಹುದು, ಆದರೆ ಇಂಡಿಯಾನಾಗೆ ಆಮಿಷದ ಅಗತ್ಯ ಅಷ್ಟಿರಲಿಲ್ಲ. ಲೇನ್ ಅವರ ಪರಿಸ್ಥಿತಿ ನೋಡಿದಿರಲ್ಲ. ಲಿಂಕನ್ ಬೆಳೆದದ್ದೂ ಇಂಡಿಯಾನಾದಲ್ಲೇ, ಪಕ್ಕದ ರಾಜ್ಯದ ಮನುಷ್ಯ. ಪೆನ್ಸಿಲ್ವೇನಿಯಾದ ಕತೆ ಬೇರೆ. ಅಲ್ಲಿನ ಮತಗಳ ಬೀಗದ ಕೈ ಕ್ಯಾಮರನ್ ಕಡೆಯವರ ಹತ್ತಿರವಿತ್ತು. ತಮ್ಮ ಊರು ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಉಳಿದಿದ್ದ ಲಿಂಕನ್ ಒಂದು ಪತ್ರಿಕೆಯ ಅಂಚಿನಲ್ಲಿ, ನನ್ನನ್ನು ಕಟ್ಟಿಹಾಕುವ ಯಾವ ಕರಾರನ್ನೂ ಮಾಡಬೇಡಿ ಎಂದು ಗೀಚಿ ಅಲ್ಲಿನ ಪತ್ರಿಕಾ ಸಂಪಾದಕ ಎಡ್ವರ್ಡ್ ಬೇಕರ್ ಕೈಯಲ್ಲಿ ಕಳಿಸಿದ್ದರು. ಅದನ್ನು ಓದಿದ ಡೇವಿಸ್, ಲಿಂಕನ್ ಇಲ್ಲಿಲ್ಲ, ನಮಗೆ ಎದುರಾಗಿರುವುದು ಅವರಿಗೆ ಗೊತ್ತಿಲ್ಲ ಅಂದರು ಎಂದು ಹೆನ್ರಿ ವಿಟ್ನಿ ಎಂಬ ವಕೀಲ ಗೆಳೆಯ ಮುಂದೆ ನೆನಪಿಸಿಕೊಂಡಿದ್ದಾರೆ. ಆ ರಾತ್ರಿ ಡೇವಿಸ್ ಮೆಟ್ಟಿಲಿಳಿದು ಬಂದು ಪೆನ್ಸಿಲ್ವೇನಿಯಾ ನಮ್ಮದಾಯಿತು ಅಂದರು, ಹೇಗೆ ಅಂತ ಕೇಳಿದ್ದಕ್ಕೆ ಅವರು ಕೇಳಿದ ಬೆಲೆ ಕೊಟ್ಟು ಅಂದರು ಎಂದು ಮೆಡಿಲ್ ಹೇಳಿದ್ದಾರೆ.

ಕೇಳಲು ರೋಚಕವಾಗಿದೆ. ಆದರೆ ಹಿಂದೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದು ಈಗ ಬೇಕು. ಮೆಡಿಲ್, ವಿಟ್ನಿ ಇಬ್ಬರೂ ಇದನ್ನು ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಕ್ಯಾಮರನ್ ಮಂತ್ರಿಯಾಗಿ ಹೆಸರು ಕೆಡಿಸಿಕೊಂಡದ್ದು ಎಲ್ಲರಿಗೂ ಗೊತ್ತಾದ ಮೇಲೆ. ಸಮಾವೇಶ ಮುಗಿದ ಕೆಲವೇ ದಿನಗಳಲ್ಲಿ ಸ್ವೆಟ್ ಮೇಯ್ನ್‌ನ ಗೆಳೆಯನಿಗೆ ಬರೆದ ಪತ್ರದಲ್ಲಿ, ಯಾವ ವಾಗ್ದಾನವನ್ನೂ ಕೊಟ್ಟಿಲ್ಲ ಅಂದಿದ್ದಾರೆ. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೊಟ್ಟಿದ್ದರೂ ಆಗ ಹೇಳಿಕೊಳ್ಳುವವರು ಯಾರು? ಎರಡನ್ನೂ ತೂಗಿ ನೋಡಿದರೆ, ಕ್ಯಾಮರನ್ ಅವರಿಗೆ ಸಂಪುಟದಲ್ಲಿ ಜಾಗ ಸಿಗಲು ನಾವು ಒತ್ತಾಯ ಮಾಡುತ್ತೇವೆ ಅನ್ನುವ ಮಟ್ಟದ ಭರವಸೆಯನ್ನು ಡೇವಿಸ್ ಕೊಟ್ಟಿದ್ದರು ಅನ್ನುವುದು ನನಗೆ ಸರಿ ಕಾಣುತ್ತದೆ. ಲಿಂಕನ್ ಪರವಾಗಿ ಸಹಿ ಹಾಕುವ ಅಧಿಕಾರ ಅವರಿಗಿಲ್ಲ ಎಂದು ಪೆನ್ಸಿಲ್ವೇನಿಯಾದವರಿಗೂ ಗೊತ್ತಿತ್ತು.

ಶುಕ್ರವಾರ ಬೆಳಗ್ಗೆ ಚೀಟಿಗಳ ಪ್ರಸಂಗ. ಸಮಾವೇಶಕ್ಕೆಂದೇ ಮರದಲ್ಲಿ ಕಟ್ಟಿದ ವಿಗ್‌ವಾಮ್ ಎಂಬ ಸಭಾಂಗಣದಲ್ಲಿ ಸುಮಾರು 10,000 ಜನ ಹಿಡಿಸುತ್ತಿದ್ದರು. ಸ್ಯೂವರ್ಡ್ ಬೆಂಬಲಿಗರು ಬ್ಯಾಂಡ್ ಸಮೇತ ಬೀದಿಯಲ್ಲಿ ಮೆರವಣಿಗೆ ಹೊರಟರು. ವಾಪಸ್ ಬರುವಷ್ಟರಲ್ಲಿ ಎಷ್ಟೋ ಜಾಗಗಳಲ್ಲಿ ಲಿಂಕನ್ ಕಡೆಯವರು ಕೂತಾಗಿತ್ತು. ಲ್ಯಾಮನ್ ಹೆಚ್ಚುವರಿ ಚೀಟಿ ಅಚ್ಚು ಹಾಕಿಸಿ, ಅಧಿಕಾರಿಗಳ ಸಹಿಯನ್ನು ನಕಲು ಮಾಡಿಸಿ ಹಂಚಿದ್ದರು. ತಪ್ಪು ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗ್ಯಾಲರಿಯಲ್ಲಿ ಕೂತವರಿಗೆ ಮತ ಇರಲಿಲ್ಲ. ಇಷ್ಟಾದರೂ ಸ್ಯೂವರ್ಡ್ ಹೆಸರು ಸೂಚಿಸಿದಾಗ ಕಿವಿಗಡಚಿಕ್ಕುವ ಕೂಗೆದ್ದಿತು, ಲಿಂಕನ್ ಹೆಸರಿಗೆ ಅದಕ್ಕಿಂತ ದೊಡ್ಡದು ಎದ್ದಿತು ಎಂದು ಹಾಲ್‌ಸ್ಟೆಡ್ ಬರೆದಿದ್ದಾರೆ. ಗದ್ದಲ ಒಂದು ಹುಮ್ಮಸ್ಸು ಕೊಟ್ಟಿರಬಹುದು. ಹಿಂದಿನ ರಾತ್ರಿ ಎಣಿಸಿದ್ದ ಮತಗಳನ್ನು ಅದು ಹೆಚ್ಚು ಕಡಿಮೆ ಮಾಡಲಿಲ್ಲ.

ಮತದಾನವನ್ನು ನೋಡಿದರೆ ನಿಮಗೇ ತಿಳಿಯುತ್ತದೆ. ಮೊದಲು ಕರೆದದ್ದು ಮೇಯ್ನ್. ನ್ಯೂ ಇಂಗ್ಲೆಂಡ್, ಅಂದರೆ ಮೇಯ್ನ್ ಸೇರಿದ ಈಶಾನ್ಯದ ರಾಜ್ಯಗಳ ಗುಂಪು, ಪೂರ್ತಿ ತಮ್ಮದೇ ಎಂದು ಸ್ಯೂವರ್ಡ್ ಬಣ ಕೂತಿತ್ತು. ಮೇಯ್ನ್‌ನ 16ರಲ್ಲಿ 6 ಲಿಂಕನ್‌ಗೆ ಬಿತ್ತು. ನ್ಯೂ ಹ್ಯಾಂಪ್‌ಶೈರ್‌ನ 10ರಲ್ಲಿ 7. ವರ್ಜೀನಿಯಾದ 14. ಇಂಡಿಯಾನಾದ 26ಕ್ಕೆ 26. ಸುತ್ತು ಮುಗಿದಾಗ ಸ್ಯೂವರ್ಡ್ 173½, ಲಿಂಕನ್ 102, ಕ್ಯಾಮರನ್ 50½, ಚೇಸ್ 49, ಬೇಟ್ಸ್ 48. ಎರಡನೆಯ ಸುತ್ತಿನಲ್ಲಿ ವರ್ಮಾಂಟ್ ತನ್ನ 10ನ್ನೂ ಲಿಂಕನ್‌ಗೆ ಕೊಟ್ಟಿತು. ಪೆನ್ಸಿಲ್ವೇನಿಯಾದ 48 ಬಂತು. ಸ್ಯೂವರ್ಡ್ 184½, ಲಿಂಕನ್ 181. ಸ್ಯೂವರ್ಡ್‌ಗೆ ಏರಿದ್ದು ಬರೀ 11, ಲಿಂಕನ್‌ಗೆ 79. ಆ 79ರಲ್ಲಿ 44 ಪೆನ್ಸಿಲ್ವೇನಿಯಾದ್ದು, ಅದನ್ನು ಒಪ್ಪಂದದ ಲೆಕ್ಕಕ್ಕೇ ಬರೆಯಿರಿ. ಉಳಿದ 35 ಯಾವ ಖಾತೆಯ ಮಾತೂ ಇಲ್ಲದ ರಾಜ್ಯಗಳಿಂದ, ಚೂರು ಚೂರಾಗಿ ಬಂದವು. ವರ್ಮಾಂಟ್‌ನಂಥ ತಂಡಗಳ ಹತ್ತಿರ ಹೋಗಿ ಕೂತಿದ್ದ ಆ ವಕೀಲರ ದುಡಿಮೆ ಅಲ್ಲಿ ಕಾಣುತ್ತದೆ.

ಮೂರನೆಯ ಸುತ್ತು ಮುಗಿಯುವಾಗ ಲಿಂಕನ್ 231½ಕ್ಕೆ ನಿಂತರು. ಇನ್ನು ಒಂದೂವರೆ ಮತ. ಎಣಿಸುತ್ತಿದ್ದವರೆಲ್ಲ ಪೆನ್ಸಿಲ್ ಹಿಡಿದು ತಲೆಯೆತ್ತಿ ನೋಡತೊಡಗಿದರು. ಸಭಾಂಗಣ ಒಂದು ಕ್ಷಣ ಗಪ್‌ಚಿಪ್. ಆಗ ಒಹಾಯೊದ ಡೇವಿಡ್ ಕಾರ್ಟರ್ ಕುರ್ಚಿಯ ಮೇಲೆ ಹತ್ತಿದರು. ಅವರಿಗೆ ತೊದಲು. ತೊದಲುತ್ತಲೇ, ಒಹಾಯೊದ ನಾಲ್ಕು ಮತ ಚೇಸ್ ಅವರಿಂದ ಲಿಂಕನ್ ಅವರಿಗೆ ಬದಲಾಗಿದೆ ಎಂದು ಸಾರಿದರು. ಚೇಸ್ ಅವರಿಗೆ ಬೇಕಾದ್ದು ಸಿಗುತ್ತದೆ ಎಂದು ಅದಕ್ಕೆ ಸ್ವಲ್ಪ ಮುಂಚೆ ನಾನೇ ಕಾರ್ಟರ್ ಕಿವಿಯಲ್ಲಿ ಹೇಳಿದೆ ಎಂದೂ ಮೆಡಿಲ್ ಹೇಳಿಕೊಂಡಿದ್ದಾರೆ. ಚೇಸ್ ಹಣಕಾಸು ಮಂತ್ರಿ ಆದದ್ದು ನಿಜ, ಕಾರ್ಟರ್ ಬೊಲಿವಿಯಾಕ್ಕೆ ರಾಯಭಾರಿಯಾಗಿ ಹೋದದ್ದೂ ನಿಜ. ಆದರೆ ಆ ಹೊತ್ತಿಗೆ ಒಹಾಯೊ ಹೇಳದಿದ್ದರೆ ಇನ್ನೊಂದು ರಾಜ್ಯ ಹೇಳುತ್ತಿತ್ತು. ಗೆದ್ದಾಗಿದ್ದವರ ಜೊತೆ ಸೇರಿಕೊಳ್ಳಲು ತಂಡತಂಡವೇ ಎದ್ದು ನಿಂತಿತ್ತು. ಥರ್ಲೋ ವೀಡ್ ಅಲ್ಲೇ ಅತ್ತರು. ಆಯ್ಕೆಯನ್ನು ಅವಿರೋಧ ಮಾಡೋಣ ಎಂದು ಸೂಚಿಸಿದ್ದು ಸ್ಯೂವರ್ಡ್ ಕಡೆಯ ವಿಲಿಯಂ ಎವರ್ಟ್ಸ್ ಅವರೇ.

ಆ ಭಯ ಸುಳ್ಳಾಗಿರಲಿಲ್ಲ ಅನ್ನುವುದಕ್ಕೆ ಅಕ್ಟೋಬರ್ ಸಾಕ್ಷಿ. ಲೇನ್, ಕರ್ಟಿನ್ ಇಬ್ಬರೂ ಗೆದ್ದರು. ನವೆಂಬರ್ 6ರಂದು ಪೆನ್ಸಿಲ್ವೇನಿಯಾ, ಇಂಡಿಯಾನಾ, ಇಲಿನಾಯ್ ಮೂರೂ ಲಿಂಕನ್ ಕಡೆ ಬಂದವು.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ, ಲಿಂಕನ್ ಅವರಿಗೆ ಗೊತ್ತಿತ್ತಾ? ಶಿಕಾಗೊದಲ್ಲಿ ಏನೇನು ಮಾತಾಯಿತು ಅನ್ನುವುದು ನಂತರ ಗೊತ್ತಾಯಿತು, ಗೊತ್ತಾದ ಮೇಲೆ ಅದು ಅವರನ್ನು ಬಿಡಲಿಲ್ಲ. 1860ರ ಡಿಸೆಂಬರ್ 31ರಂದು ಕ್ಯಾಮರನ್‌ಗೆ ಸಂಪುಟದಲ್ಲಿ ಜಾಗ ಕೊಡುವುದಾಗಿ ಪತ್ರ ಕೊಟ್ಟರು. ಪೆನ್ಸಿಲ್ವೇನಿಯಾದಿಂದಲೇ ವಿರೋಧ ಬಂತು. ಮೂರು ದಿನಕ್ಕೆ, ಜನವರಿ 3ರಂದು, ಅದು ಸಾಧ್ಯವಿಲ್ಲ ಎಂದು ಬರೆದರು. ಮಾರ್ಚ್‌ನಲ್ಲಿ ಮತ್ತೆ ಅವರನ್ನೇ ಯುದ್ಧ ಮಂತ್ರಿ ಮಾಡಿದರು. ಕೊಟ್ಟ ಮಾತು ತಮ್ಮದಲ್ಲದಿದ್ದರೂ ಅದರ ಭಾರ ಇಲ್ಲದವರು ಹೀಗೆ ಹೊಯ್ದಾಡುತ್ತಿರಲಿಲ್ಲ. ಪೆನ್ಸಿಲ್ವೇನಿಯಾದಂಥ ದೊಡ್ಡ ರಾಜ್ಯವನ್ನು ಸಂಪುಟದಿಂದ ಹೊರಗಿಡುವುದೂ ಸಾಧ್ಯವಿರಲಿಲ್ಲ, ಅದನ್ನೂ ಸೇರಿಸಿಕೊಳ್ಳಿ. ಸ್ಯೂವರ್ಡ್, ಚೇಸ್, ಬೇಟ್ಸ್ ಮೂವರೂ ಅದೇ ಸಂಪುಟದಲ್ಲಿದ್ದರು, ಆ ಮೂವರಿಗೂ ಶಿಕಾಗೊದ ಒಪ್ಪಂದಕ್ಕೂ ಸಂಬಂಧ ಕಟ್ಟುವುದು ಕಷ್ಟ.

ಯುದ್ಧ ಶುರುವಾದ ಮೇಲೆ ಸೇನೆಗೆ ಸಾಮಾನು ಕೊಳ್ಳುವ ಗುತ್ತಿಗೆಗಳಲ್ಲಿ ಅವ್ಯವಹಾರ ಬಯಲಿಗೆ ಬಂತು. 1862ರ ಜನವರಿಯಲ್ಲಿ ಕ್ಯಾಮರನ್‌ರನ್ನು ರಷ್ಯಾಕ್ಕೆ ರಾಯಭಾರಿಯಾಗಿ ಕಳಿಸಿದರು. ಏಪ್ರಿಲ್‌ನಲ್ಲಿ ಜನಪ್ರತಿನಿಧಿ ಸಭೆ ಕ್ಯಾಮರನ್ ವಿರುದ್ಧ ಖಂಡನಾ ನಿರ್ಣಯ ಹೊರಡಿಸಿತು. ಲಿಂಕನ್ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೇ 26ರಂದು ಅವರು ಕಾಂಗ್ರೆಸ್‌ಗೆ ಸಂದೇಶ ಕಳಿಸಿ, ಯುದ್ಧದ ಮೊದಲ ದಿನಗಳಲ್ಲಿ ತಪ್ಪು ನಡೆದಿದ್ದರೆ ಅದರಲ್ಲಿ ತಮ್ಮದೂ ಉಳಿದ ಮಂತ್ರಿಗಳದೂ ಸಮಪಾಲು ಇದೆ, ಒಬ್ಬ ಕ್ಯಾಮರನ್ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದರು.